ಅಂಗಳದಲ್ಲಿ ಬರೆದ ಹೃದಯ

ವಿನಾರ್ಸಿ ನಮ್ಮ ಶಾಲೆಯ ಐದನೇ ತರಗತಿಯ ಟೀಚರು. ನಮ್ಮಲ್ಲಿ ಟೀಚರಮ್ಮನನ್ನು 'ಬು' ಎಂದೂ ಮೇಷ್ಟ್ರನ್ನು 'ಪಾಕ್' ಎಂದೂ ಕರೆಯುತ್ತಾರೆ. ನಾನು ಪಾಠ ಮಾಡುವುದು ಪಕ್ಕದ ನಾಲ್ಕನೇ ತರಗತಿಗೆ. ರಕ್ತಪರಿಚಲನೆಯ ಪಾಠ ಬಂದಾಗ ಆಕೆ ಪುಸ್ತಕ ಮುಚ್ಚಿಸಿ, ಅಂಗಳದಲ್ಲಿ ಸುಣ್ಣದಿಂದ ನಾಲ್ಕು ಕೋಣೆಯ ದೊಡ್ಡ ಹೃದಯ ಬರೆದಳು. ಕೆಲವು ಮಕ್ಕಳು ಕೋಣೆಯ ಗೋಡೆ, ಉಳಿದವರು ರಕ್ತ. ನೀಲಿ ಶಾಲು ಹೊದ್ದು ಬಲಕ್ಕೆ ಬಂದವರನ್ನು ಗೋಡೆಯವರು ಕುಣಿತದ ಲಯದಲ್ಲೇ ಪಕ್ಕದ ಮಾವಿನ ಮರಕ್ಕೆ ತಳ್ಳಬೇಕು. ಅದೇ ಶ್ವಾಸಕೋಶ. ಅಲ್ಲಿ ಕೆಂಪು ಶಾಲು ಹೊದ್ದು ಎಡಕ್ಕೆ ಬಂದರೆ, ಎಡಗೋಡೆಯವರು ದೂರದ ಗೇಟಿನವರೆಗೂ, ಅಂದರೆ ಮೈಯ ತುದಿಯವರೆಗೂ ತಳ್ಳಬೇಕು. ಡೋಲಿನ ಮೇಲೆ ಎದೆಬಡಿತ ನುಡಿಸುತ್ತಿದ್ದವಳು ವಿನಾರ್ಸಿಯೇ.

ಹೊಸ ಹೆಡ್‌ಮಾಸ್ಟರ್ ದರ್ಸೊನೊ ಹೊರಗೆ ಬಂದು ನೋಡಿ ಮುಖ ಗಂಟಿಕ್ಕಿದರು.

"ಬು ವಿನಾರ್ಸಿ, ಇದು ಶಾಲೆನೋ ಮದುವೆ ಮನೆನೋ? ಪರೀಕ್ಷೆಯಲ್ಲಿ ಕುಣಿದು ತೋರಿಸ್ತಾರಾ?"

"ಕುಣಿದಿದ್ದು ಮರೆಯೋಲ್ಲ, ಪಾಕ್. ಉರು ಹೊಡೆದಿದ್ದು ಮರೀತಾರೆ."

ದರ್ಸೊನೊ ಡೋಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಮಕ್ಕಳು ಬೆಂಚು ಬಡಿದು ಅದೇ ತಾಳ ಹಾಕಿದರು. ಆಕೆ ತಡೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಕೆಲವರು ಆಕೆಯ ಪಕ್ಕ ಕೂರುವುದನ್ನೇ ಬಿಟ್ಟರು. ಕೆಲಸ ಹೋದರೆ ಏನು ಮಾಡುತ್ತೀಯ ಎಂದು ನಾನು ಕೇಳಿದರೆ, ಮೊದಲು ಪಾಠ ಮುಗಿಯಲಿ ಎಂದು ನಕ್ಕಳು.

ಆ ವಾರವೇ ಇನ್ಸ್‌ಪೆಕ್ಟರ್ ಬಂದರು. ಅಂದು ಎಲ್ಲರೂ ಸಾಲಾಗಿ ಕೂತು ಪುಸ್ತಕ ತೆರೆದಿಡಬೇಕೆಂದು ದರ್ಸೊನೊ ತಾಕೀತು ಮಾಡಿದ್ದರು. ಐದನೇ ತರಗತಿಗೆ ಬಂದ ಇನ್ಸ್‌ಪೆಕ್ಟರಿಗೆ ಕಂಡದ್ದು ಖಾಲಿ ಬೆಂಚುಗಳು. ತರಗತಿಯಿಡೀ ಅಂಗಳದಲ್ಲಿತ್ತು. ದರ್ಸೊನೊ ಅವಸರದಿಂದ ಹೊರಗೆ ಓಡಿದರು. ಹಿಂದೆಯೇ ಬಂದ ಇನ್ಸ್‌ಪೆಕ್ಟರ್, ಹೃದಯದ ಎಡಗೋಡೆ ಯಾಕೆ ದಪ್ಪ ಎಂದು ಕೇಳಿದರು. ಪುಸ್ತಕದಲ್ಲಿ ಅದು ಇರಲಿಲ್ಲ.

ಎಡಗೋಡೆಯಾಗಿ ನಿಂತಿದ್ದ ಹುಡುಗಿಯೊಬ್ಬಳು, ಹೆಸರು ರಾತ್ರಿ, ಬೆವರೊರೆಸಿಕೊಂಡಳು.

"ಬಲಗಡೆಯವರು ಮರದ ತನಕ ತಳ್ಳಿದ್ರೆ ಸಾಕು ಸರ್. ನಾವು ಗೇಟಿನ ತನಕ ತಳ್ಬೇಕು. ಇಬ್ಬರಿಗೆ ಆಗ್ಲಿಲ್ಲ, ಅದಕ್ಕೇ ನಾಲ್ಕು ಜನ ನಿಂತಿದೀವಿ."

ಇನ್ಸ್‌ಪೆಕ್ಟರ್ ಉತ್ತರ ಸರಿ ಎಂದರು. ಆದರೂ ತರಗತಿಯಲ್ಲಿ ಶಿಸ್ತಿಲ್ಲ ಎಂದು ವರದಿ ಬರೆದು ಹೋದರು. ದರ್ಸೊನೊಗೆ ಅಷ್ಟೇ ಬೇಕಿತ್ತು. ವಿನಾರ್ಸಿಯನ್ನು ಒಂದನೇ ತರಗತಿಗೆ ಹಾಕಿದರು.

"ಒಳ್ಳೇದಾಯ್ತು ಪಾಕ್," ಅಂದಳು ಆಕೆ. "ಆ ಪುಟ್ಟವರಂತೂ ಕೂತಲ್ಲಿ ಕೂರೋರೇ ಅಲ್ಲ."

ಸೋಮವಾರ ಒಂದನೇ ತರಗತಿಯ ಪುಟಾಣಿಗಳು ಅಂಗಳದಲ್ಲಿ ಅಕ್ಷರಗಳಾಗಿ ಬಾಗುತ್ತ, ಬಳುಕುತ್ತ ನಿಂತಿದ್ದರು. ನಾನು ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಪುಸ್ತಕ ಮುಚ್ಚಿ, ನನ್ನ ಮಕ್ಕಳಿಗೆ ಎದ್ದೇಳಲು ಹೇಳಿದೆ. ಅಂದು ನಮಗೆ ನದಿಗಳ ಪಾಠವಿತ್ತು. ಕಚೇರಿಯ ಬಾಗಿಲಲ್ಲಿ ದರ್ಸೊನೊ ನಿಂತಿದ್ದರು. ಅವರ ಮುಂದೆಯೇ ನಾವು ನದಿಯಾಗಿ ಹಾಡುತ್ತ ಅಂಗಳಕ್ಕೆ ಸಾಗಿದೆವು.