ಇಪ್ಪತ್ಮೂರನೇ ನಂಬರಿನ ಹಾಜರಿ

ಆ ಆಟ ಶುರು ಮಾಡಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೆದಕುವುದು ಬೇಡ. ಒಂಬತ್ತನೇ ತರಗತಿಯ ಹಾಜರಿಯಲ್ಲಿ ಇಪ್ಪತ್ಮೂರನೇ ನಂಬರಿನವಳಿಗೆ ಮಾತು ತಡವರಿಸುತ್ತಿತ್ತು. ‘ಪ್ರೆಸೆಂಟ್’ ಎನ್ನಲು ‘ಪ್ ಪ್ ಪ್’ ಎಂದು ಒದ್ದಾಡುತ್ತಿದ್ದಳು. ಇಪ್ಪತ್ನಾಲ್ಕು ನಾನು, ಅವಳ ಪಕ್ಕದಲ್ಲೇ ಕೂರುವವಳು. ವರ್ಷದ ಮೊದಲ ವಾರದಲ್ಲೇ ಒಂದು ದಿನ ಅವಳ ಹಾಗೆಯೇ ಉತ್ತರ ಕೊಟ್ಟೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವಳ ಹೆಸರು ‘ಬ್ರೇಕು’. ಅವಳ ನಂಬರು ಬಂದರೆ ಸಾಕು, ಇಡೀ ತರಗತಿ ‘ಪ್ ಪ್ ಪ್’. ಬೈದು ಬೈದು ಸಾಕಾದ ಮೇಡಂ ಕೊನೆಗೆ ಅವಳ ನಂಬರನ್ನೇ ಕೂಗದೆ, ಮುಖ ನೋಡಿ ಗುರುತು ಹಾಕಿಕೊಂಡು ಮುಂದೆ ಹೋಗತೊಡಗಿದರು. ಪಾಪ, ಒಳ್ಳೆಯದೇ ಆಯಿತು ಎಂದುಕೊಂಡೆ.

ಬುಧವಾರ ಸಂಜೆ ಅವಳು ತಾಯಿಯ ಜೊತೆ ನಮ್ಮಮ್ಮನ ಹೊಲಿಗೆ ಅಂಗಡಿಗೆ ಬಂದಳು. ನಾನು ಮೂಲೆಯಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಅವರು ತಂದದ್ದು ಬೂದು ಬಟ್ಟೆ. ನಮ್ಮ ಶಾಲೆಯದು ನೀಲಿ.

“ಶಾಲೆ ಬದಲಾಯಿಸ್ತಿದ್ದೀರಾ?” ಅಮ್ಮ ಟೇಪು ಹಿಡಿದು ಕೇಳಿದಳು.

“ಸೋಮವಾರದಿಂದ. ಈಗಿನ ಶಾಲೇಲಿ ಯಾರೋ ಆಡ್ಕೊಳ್ತಾರಂತೆ. ಯಾರು ಅಂತ ಬಾಯೇ ಬಿಡಲ್ಲ ಇವಳು.”

“ಟೇಪು ಸೊಂಟಕ್ಕೆ ಬಿಗಿ ಆಯ್ತಾ ಮಗು?”

“ಸ್ ಸ್ ಸ್ವಲ್ಪ.”

ಮೇಜಿನ ಕೆಳಗೆ ಆಡುತ್ತಿದ್ದ ನನ್ನ ಆರು ವರ್ಷದ ತಮ್ಮ ಚಪ್ಪಾಳೆ ತಟ್ಟಿದ. “ಅಕ್ಕಾ, ನೀನು ಮನೇಲಿ ಮಾಡ್ತೀಯಲ್ಲ ಬ್ರೇಕು, ಇವಳಿಗೂ ಬರುತ್ತೆ ನೋಡು.”

ಅವಳ ತಾಯಿ ನನ್ನತ್ತ ತಿರುಗಿದರು. ಅವಳು ಮಾತ್ರ ಕಿಟಕಿ ನೋಡುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗದಷ್ಟು ನಾಚಿಕೆಯಾಯಿತು ನನಗೆ. ಅವರು ಹೋದ ಮೇಲೆ ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. “ಶನಿವಾರ ಬಟ್ಟೆಗೆ ಕತ್ತರಿ ಹಾಕ್ತೀನಿ. ಅಷ್ಟರೊಳಗೆ ಏನ್ಮಾಡ್ತೀಯೋ ನೋಡು” ಎಂದಳು, ಅಷ್ಟೇ.

ಕಾಲು ಸುಟ್ಟ ಬೆಕ್ಕಿನಂತೆ ಮನೆಯೊಳಗೆ ತಿರುಗಿದೆ. ಊಟ ಸೇರಲಿಲ್ಲ. ತಮ್ಮನಿಗೆ ಎರಡು ಬಿಡೋಣ ಎನಿಸಿತು. ಆದರೆ ಕಲಿಸಿದವಳು ನಾನು, ಹೊಡೆತ ಯಾರಿಗೆ ಬೀಳಬೇಕು? ಗುರುವಾರ ಹಾಜರಿಯ ಹೊತ್ತಿಗೆ ಬಾಯಿ ತೆರೆದು ಮುಚ್ಚಿಕೊಂಡೆ. ಇಡೀ ದಿನ ನನ್ನ ಮೇಲೇ ಸಿಟ್ಟು.

ಶುಕ್ರವಾರ ಮೇಡಂ, “ಇಪ್ಪತ್ತೆರಡು... ಇಪ್ಪತ್ನಾಲ್ಕು” ಎಂದರು. ಎದ್ದು ನಿಂತೆ.

“ಇಪ್ಪತ್ಮೂರು ಬಿಟ್ರಿ ಮೇಡಂ.”

ಅವಳು ನನ್ನನ್ನು ನೋಡಿದಳು. ಹೊಸದೇನೋ ಆಟ ಹೂಡಿದ್ದೇನೆ ಎಂದೇ ಅವಳ ಎಣಿಕೆ. ಹಿಂದಿನ ಬೆಂಚಿನಲ್ಲಿ ಆಗಲೇ ‘ಪ್ ಪ್’ ಶುರುವಾಗಿತ್ತು.

“ಬಾಯ್ಮುಚ್ರೇ,” ಎಂದೆ. “ಇದನ್ನ ಶುರು ಮಾಡಿದ್ದು ನಾನು, ತಪ್ಪು ನಂದು. ನಗೋದಾದ್ರೆ ನನ್ನ ನೋಡಿ ನಗಿ. ಅವಳು ಹೇಳೋವರೆಗೂ ಕಾಯೋಣ ಮೇಡಂ.”

“ಓಹೋ, ಬ್ರೇಕಿಗೆ ವಕೀಲರು ಬಂದ್ರು,” ಎಂದಳು ನನ್ನ ಜೀವದ ಗೆಳತಿ. ಎಲ್ಲರೂ ನಕ್ಕರು, ಈ ಸಲ ನನ್ನನ್ನು ನೋಡಿ. ಮೇಡಂ ಪೆನ್ನು ಕೆಳಗಿಟ್ಟು, “ಇಪ್ಪತ್ಮೂರು” ಎಂದರು. ಅವಳು ಎದ್ದಳು. ಎಷ್ಟು ಹೊತ್ತಾಯಿತೋ, ನಗುವವರಿಗೇ ನಕ್ಕು ಸಾಕಾಯಿತು. ಕೊನೆಗೆ ‘ಪ್ರೆಸೆಂಟ್’ ಬಂತು, ಅದೂ ಜೋರಾಗಿ.

ಬಿಡುವಿನಲ್ಲಿ ನಲ್ಲಿಯ ಹತ್ತಿರ ಅವಳನ್ನು ಹಿಡಿದೆ. “ಶಾಲೆ ಬಿಡ್ಬೇಡ ಕಣೇ,” ಎಂದೆ.

“ಅ ಅಲ್ಲೂ ನಿ ನಿನ್ನಂಥವಳು ಒಬ್ಬಳು ಇದ್ದೇ ಇರ್ತಾಳೆ.”

ಕಪಾಳಕ್ಕೆ ಬಿದ್ದ ಹಾಗಾಯಿತು. ಅವಳು ಇನ್ನೂ ಏನೋ ಹೇಳುವುದಿತ್ತು, ತುಟಿ ಒದ್ದಾಡುತ್ತಿತ್ತು. ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಓಡಿದರು. ನಾನು ನಿಂತೇ ಇದ್ದೆ.

“ಅ ಅಲ್ಲಿಯವಳು ತಪ್ಪು ಒಪ್ಕೊಳ್ಳೋಕೆ ಇ ಇನ್ನೊಂದು ವರ್ಷ ಕಾಯೋದು ನನ್ನ ಕೈಲಾಗಲ್ಲ,” ಎಂದಳು. “ಹೊ ಹೊಲಿಯೋದು ಬೇಡ ಅಂತ ನಿಮ್ಮಮ್ಮಂಗೆ ಹೇಳು.”