ಹೆಸರಿಲ್ಲದ ಸ್ತೂಪಗಳ ಸುತ್ತ

ಬೊರಿವಲಿಯ ಕಾಡಿನೊಳಗೆ, ಕಾನ್ಹೇರಿ ಗುಹೆಗಳಲ್ಲಿ ಮೆಟ್ಟಿಲು ದುರಸ್ತಿಯ ಕೆಲಸ ಸಿಕ್ಕಾಗ ಗೌಂಡಿ ಬಾಷಾನಿಗೆ ಹಿಡಿಸಿದ್ದು ಅಲ್ಲಿಯ ಮೌನ. ತನ್ನೂರು ಇಂಡಿಯಿಂದ ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಗಿತ್ತು, ಇಷ್ಟು ಸದ್ದಿಲ್ಲದ ಜಾಗವನ್ನು ಅವನು ಕಂಡಿರಲಿಲ್ಲ. ಬೆಳಗಿನ ಮಂಜು ಕಲ್ಲನ್ನು ಬಿಟ್ಟು ಹೋಗಲು ಒಲ್ಲೆನೆನ್ನುತ್ತಿತ್ತು.

ಅವನ ತಮ್ಮ ಸಾದಿಕ ಕೊರೋನಾ ವರ್ಷದಲ್ಲಿ ಆಸ್ಪತ್ರೆಗೆ ಹೋದವನು ಮರಳಲಿಲ್ಲ. ಬಾಷಾನೂ ಆಗ ಜ್ವರದಲ್ಲಿ ಮಲಗಿದ್ದ. ಮಣ್ಣು ಮಾಡಿದವರು ಯಾರೋ. ಕಬರಸ್ತಾನ ಯಾವುದೆಂದು ಗೊತ್ತಿತ್ತು, ಗೋರಿ ಯಾವುದೆಂದು ಗೊತ್ತಿರಲಿಲ್ಲ. ಹೋಗಿ ಬಾ ಎಂದು ಸಾದಿಕನ ಹೆಂಡತಿ ಅಖ್ತರಿ ಎಷ್ಟು ಸಲ ಹೇಳಿದರೂ, ಹೋಗಿ ಎಲ್ಲಿ ನಿಲ್ಲಲಿ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಬುತ್ತಿ ಉಂಡು ಅಡ್ಡಾಡುತ್ತ ಅವನು ಗುಡ್ಡದ ಅಂಚಿಗೆ ಬಂದ. ಅಲ್ಲಿ ಸಾಲಾಗಿ ಮುರುಕು ಇಟ್ಟಿಗೆಯ ದುಂಡು ದಿಬ್ಬಗಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ಹೆಸರು ವನಮಾಲಾ, ಮೈಸೂರಿನ ಕಡೆಯವಳು, ಇತಿಹಾಸದ ನಿವೃತ್ತ ಟೀಚರು.

"ಮೇಡಂ, ಇವುಗಳೊಳಗ ಏನೈತ್ರಿ? ದೇವರೇನು?"

"ದೇವರಲ್ಲಪ್ಪ. ಇಲ್ಲಿದ್ದ ಭಿಕ್ಷುಗಳ ಒಂದು ಹಿಡಿ ಬೂದಿ, ಇಲ್ಲಾ ಮೂಳೆ ಚೂರು. ಅದರ ಮೇಲೆ ಕಟ್ಟಿದ ಸ್ತೂಪ ಇವು."

ಮೊದಲು ಬುದ್ಧನ ಅಸ್ಥಿಯ ಮೇಲೆ ಸ್ತೂಪಗಳನ್ನು ಕಟ್ಟಿದರಂತೆ, ಆಮೇಲೆ ಅವನ ದಾರಿ ಹಿಡಿದವರಿಗೂ. ಇಲ್ಲಿ ಬೇಡುವುದೇನೂ ಇಲ್ಲವಂತೆ. ಬಲಗಡೆಗೆ ಸ್ತೂಪವಿರುವಂತೆ ಸುತ್ತುವುದು, ಹೋದವನು ಹೇಗೆ ಬದುಕಿದ್ದನೆಂದು ನೆನೆಯುವುದು, ತಾನೂ ಹೋಗುವವನೇ ಎಂದು ತಿಳಿಯುವುದು.

"ಯಾರದು ಯಾವುದಂತ ಗೊತ್ತೈತೇನ್ರಿ?"

"ಎಷ್ಟೋ ಹೆಸರು ಅಳಿಸಿಹೋಗಿವೆ. ಆದ್ರೂ ಸುತ್ತು ಹಾಕ್ತೀವಲ್ಲ."

ಅವಳು ಹೋದ ಮೇಲೆ ಬಾಷಾ ಎದ್ದ. ಕೈ ಮುಗಿಯಲಿಲ್ಲ, ಸುಮ್ಮನೆ ನಡೆದ. ಇಟ್ಟಿಗೆ ಬಿಸಿಲಿಗೆ ಬೆಚ್ಚಗಿತ್ತು. ಇದನ್ನು ಇಟ್ಟವನೂ ತನ್ನಂಥ ಗೌಂಡಿಯೇ ಅನ್ನಿಸಿತು. ಮೂರನೆಯ ಸುತ್ತೋ ನಾಲ್ಕನೆಯದೋ, ಹಿಂದೆ ಚಪ್ಪಲಿ ಎಳೆಯುವ ಸದ್ದು ಕೇಳಿತು. ಬದುಕಿದ್ದಾಗ ಸಾದಿಕ ಹಾಗೆಯೇ ನಡೆಯುತ್ತಿದ್ದ. ಬಾಷಾ ತಿರುಗಿ ನೋಡಲಿಲ್ಲ. ನೋಡಿದರೆ ಸದ್ದು ನಿಂತೀತೆಂದು ಹೆಜ್ಜೆಯನ್ನೂ ನಿಧಾನ ಮಾಡಿದ. ಇಬ್ಬರೂ ಬಹಳ ಹೊತ್ತು ಸುತ್ತಿದರು.

ಶುಕ್ರವಾರ ಅವನು ಅಖ್ತರಿಯನ್ನು ಕರೆದುಕೊಂಡು ಕಬರಸ್ತಾನಕ್ಕೆ ಹೋದ. ಹೆಂಗಸರು ಒಳಗೆ ಬರುವ ರೂಢಿಯಿರಲಿಲ್ಲ, ಅವಳು ಗೇಟಿನ ಬಳಿ ನಿಂತಳು. ಆ ವರ್ಷದವರೆಲ್ಲ ಅಲ್ಲಿದ್ದಾರೆಂದು ಕಾವಲಿನವನು ಹುಲ್ಲು ಬೆಳೆದ ಒಂದು ಮಗ್ಗುಲನ್ನು ತೋರಿಸಿದ. ಬಾಷಾ ಅಷ್ಟೂ ಸಾಲುಗಳ ನಡುವೆ ನಡೆದು ಎಲ್ಲರಿಗೂ ಫಾತಿಹಾ ಓದಿದ.

"ಸಿಕ್ಕಿತೇನು, ಭಾಯಿ?" ಅಖ್ತರಿ ಕೇಳಿದಳು.

"ಯಾವುದಂತ ತಿಳೀಲಿಲ್ಲ. ಎಲ್ಲಾ ಕಡೆ ಹೋಗಿ ಬಂದೆ."

ಅವಳು ತಲೆಯಾಡಿಸಿದಳು. ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅಲ್ಲಿ ಅವಳು, ಮದುವೆಯಾದ ಹೊಸದರಲ್ಲಿ ಸಾದಿಕ ತಪ್ಪಿ ಬಾಂದ್ರಾದಲ್ಲಿ ರೈಲು ಇಳಿದು, ತಪ್ಪೆಂದು ಒಪ್ಪದೆ, ಸಮುದ್ರ ತೋರಿಸಲೆಂದೇ ಇಳಿದೆ ಎಂದು ತನ್ನನ್ನು ಮೈಲುಗಟ್ಟಲೆ ನಡೆಸಿದ್ದನ್ನು ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು.