ಪೈಪಣ್ಣನ ಮಂಡಿ

ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಇಕ್ಕಳ ಎತ್ತಿಕೊಟ್ಟವಳು ನಾನು. ನನ್ನ ಬಾಯಿಗೆ ಹೆದರದ ಡಾಕ್ಟರಿಲ್ಲ. ಅಂಥವಳ ಬಾಯಿಯನ್ನೂ ದೊಡ್ಡ ಡಾಕ್ಟರು ತಮ್ಮ ಸಂಶೋಧನೆಯ ವಿಷಯ ಹೇಳಿದ ದಿನ ಒಂದೇ ಉತ್ತರದಲ್ಲಿ ಕಟ್ಟಿಹಾಕಿದರು.

ಮಂಡಿ ಸವೆದು ನೋಯುವವರಿಗೆ ಸಣ್ಣ ತೂತು ಮಾಡಿ ಒಳಗಿನ ಚೂರುಗಳನ್ನು ತೊಳೆದು ತೆಗೆಯುವ ಆಪರೇಷನ್ನಿನಲ್ಲಿ ಅವರದು ಎತ್ತಿದ ಕೈ. ಈಗ ಅರ್ಧ ಜನಕ್ಕೆ ಮಾತ್ರ ಅದನ್ನು ಮಾಡುವುದು. ಉಳಿದವರಿಗೆ ಚರ್ಮದ ಮೇಲೆ ಮೂರು ಗಾಯ ಮಾಡಿ, ಹೊಲಿಗೆ ಹಾಕಿ ಕಳಿಸುವುದು. ಯಾರಿಗೆ ಯಾವುದು ಎಂದು ಮುಚ್ಚಿದ ಲಕೋಟೆ ಹೇಳುತ್ತದೆ, ಅದೂ ರೋಗಿ ಮೇಜಿನ ಮೇಲೆ ಮಲಗಿದ ಮೇಲೆ. ರೋಗಿಗೆ ಎರಡು ವರ್ಷ ಗೊತ್ತಾಗುವಂತಿಲ್ಲ.

"ಇದು ನಾಟಕ ಅಲ್ವಾ ಸಾರ್? ಸುಮ್ಮಸುಮ್ಮನೆ ಮೈಗೆ ಗಾಯ ಮಾಡೋದು?" ಎಂದು ರೇಗಿದೆ.

"ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ ಸಿಸ್ಟರ್. ಜನಕ್ಕೆ ವಾಸಿ ಆಗ್ತಿರೋದು ಈ ಆಪರೇಷನ್ನಿಂದಾನೇನಾ ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ಲದೆ ಮಾಡ್ತಾ ಹೋಗೋದು ನಾಟಕ ಅಲ್ವಾ?"

ತಾನು ಕೂತ ಕೊಂಬೆ ಗಟ್ಟಿಯೋ ಇಲ್ಲವೋ ಎಂದು ಕಡಿದು ನೋಡಲು ಹೊರಟ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಪ್ಪಿದವರು ತಮ್ಮ ಕೈಯಾರೆ ಒಂದು ವಾಕ್ಯ ಬರೆಯಬೇಕಿತ್ತು: 'ನನ್ನ ಮಂಡಿಯೊಳಗೆ ಏನೂ ಮಾಡದೆ ಬರೀ ಗಾಯ ಮಾಡಿ ಕಳಿಸಬಹುದು ಎಂದು ನನಗೆ ಗೊತ್ತು.' ಅದನ್ನು ಓದಿದ ಎಷ್ಟೋ ಜನ ನಮಸ್ಕಾರ ಹೇಳಿ ಎದ್ದುಹೋದರು, ಉಳಿದವರು ಹಿಂದೆಮುಂದೆ ನೋಡಿ ಬರೆದರು. ನಲ್ಲಿ, ಪೈಪು ರಿಪೇರಿ ಮಾಡುವ ಒಬ್ಬರು ಮಾತ್ರ ಜೇಬಿನಿಂದ ತಮ್ಮದೇ ಪೆನ್ನು ತೆಗೆದರು. ವಾರ್ಡಿನಲ್ಲಿ ಎಲ್ಲರೂ ಅವರನ್ನು ಪೈಪಣ್ಣ ಎನ್ನುತ್ತಿದ್ದೆವು. ಸಿಂಕಿನ ಕೆಳಗೆ ಮಂಡಿಯೂರಿಯೇ ಆಯಸ್ಸು ಕಳೆದ ಆಸಾಮಿ. ಈಗ ಕೂತರೆ ಏಳಲು ಹೆಂಡತಿಯ ಕೈ ಬೇಕಿತ್ತು.

"ಬುದ್ಧಿ ನೆಟ್ಟಗಿದೆಯೇನ್ರೀ? ಏನೂ ಮಾಡದೆ ಕುಯ್ದು ಕಳಿಸ್ತಾರಂತೆ, ಅದಕ್ಕೂ ಸಹಿ ಹಾಕ್ತೀರಾ?" ಎಂದರು ಆಕೆ.

"ಯಾರಾದ್ರೂ ಹಾಕ್ಲೇಬೇಕಲ್ಲೇ. ಇಲ್ಲಾಂದ್ರೆ ಇವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಅಕ್ಷರ ಕೂಡಿಸಿ ಕೂಡಿಸಿ ಬರೆದರು.

ಲಕೋಟೆ ಒಡೆದಾಗ ಬಂದದ್ದು 'ಬರೀ ಗಾಯ'. ಪೈಪಣ್ಣನಿಗೆ ಸೊಂಟದ ಕೆಳಗಷ್ಟೇ ಮರಗಟ್ಟಿತ್ತು. ಎದೆಯ ಮುಂದೆ ಪರದೆ, ಕಿವಿ ಎಚ್ಚರ. ಹಾಗಾಗಿ ನಾವು ಯಾವ ಹಂತವನ್ನೂ ಬಿಡಲಿಲ್ಲ. ಡಾಕ್ಟರು ಮೂರು ಗಾಯ ಮಾಡಿದರು. ಒಂದೊಂದು ಸಲಕರಣೆಯನ್ನೂ ಹೆಸರು ಹಿಡಿದು ಕೇಳಿದರು, ನಾನು ಕೊಟ್ಟೆ, ಅವರು ಹಾಗೇ ತಟ್ಟೆಗೆ ಹಾಕಿದರು. ಚೂರು ಕೆರೆಯುವ ಯಂತ್ರ ಬರೀ ಗಾಳಿಯಲ್ಲಿ ತಿರುಗಿತು. ಜಗ್ಗಿನಿಂದ ಬಕೆಟ್ಟಿಗೆ ನೀರು ಸುರಿಯಿತು. ನಿಜವಾದ ಆಪರೇಷನ್ನಿಗೆ ಹಿಡಿಯುವಷ್ಟೇ ಹೊತ್ತು, ಒಂದು ನಿಮಿಷವೂ ಕಡಿಮೆಯಿಲ್ಲ. ಏನೂ ಮಾಡದಿರುವುದನ್ನು ಇಷ್ಟು ಶ್ರದ್ಧೆಯಿಂದ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ನಿಂತವರ ಮೇಲೆ ನನಗೆ ಭಕ್ತಿಯೇ ಹುಟ್ಟಿತು.

ಪೈಪಣ್ಣ ಕುತ್ತಿಗೆ ಹೊರಳಿಸಿ ಕೇಳಿದರು: "ಸಿಸ್ಟರ್, ಬ್ಲಾಕ್ ಕ್ಲಿಯರ್ ಆಯ್ತಾ?"

ರೋಗಿ ಏನು ಕೇಳಿದರೂ 'ಕೆಲಸ ನಡೀತಿದೆ' ಎಂದಷ್ಟೇ ಹೇಳಬೇಕೆಂಬುದು ನಿಯಮ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಮೂವತ್ತು ವರ್ಷ ರೋಗಿಗಳಿಗೆ ಸಮಾಧಾನ ಹೇಳಿ ಹೇಳಿ ಸವೆದ ನಾಲಿಗೆ ನನ್ನದು. ಅವರ ಕಿವಿಗೆ ಬಾಗಿ, "ಕಸ ಎಲ್ಲ ಬಂತಣ್ಣ. ಇನ್ನು ನೀವು ಕುಣೀಬಹುದು" ಎಂದುಬಿಟ್ಟೆ. ಯಂತ್ರದ ಸದ್ದಿನಲ್ಲಿ ಡಾಕ್ಟರಿಗೆ ಕೇಳಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡು ವರ್ಷದಲ್ಲಿ ಪೈಪಣ್ಣ ಹೆಗಲ ಮೇಲೆ ಪೈಪು ಹೊತ್ತು ನಾಲ್ಕನೇ ಮಹಡಿ ಹತ್ತುವಷ್ಟಾದರು. ಪ್ರತಿ ತಪಾಸಣೆಗೂ ನಗುತ್ತಾ ಬಂದರು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ಲೆಕ್ಕ ಬಂತು. ಎರಡೂ ಗುಂಪಿನವರು ಒಂದೇ ಸಮ ವಾಸಿಯಾಗಿದ್ದರು. ದೊಡ್ಡ ಡಾಕ್ಟರು ಆ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇನ್ನು ಈ ಆಪರೇಷನ್ ನಾನು ಮಾಡಲ್ಲ ಸಿಸ್ಟರ್."

ಆ ದೊಡ್ಡತನದ ಮುಂದೆ ನನ್ನ ಗುಟ್ಟು ಉಳಿಯಲಿಲ್ಲ. ಎಲ್ಲ ಹೇಳಿದೆ. ಅವರು ಪೈಪಣ್ಣನ ಫೈಲು ಹುಡುಕಿ ನನ್ನ ಮುಂದಿಟ್ಟರು. "ಮೊದಲು ಅವರಿಗೆ ಹೇಳಿ. ಆಮೇಲೆ ಫೈಲಲ್ಲಿ ಬರೀರಿ" ಎಂದರು.

ಆ ಮಂಡಿ ನಿಂತಿರುವುದೇ ನನ್ನ ಮಾತಿನ ಮೇಲಾದರೆ? ನಿಜ ಹೇಳಿ ಅವರನ್ನು ನಾನೇ ಬೀಳಿಸಿಬಿಟ್ಟರೆ?

ಗಂಡ ಹೆಂಡತಿ ಇಬ್ಬರೂ ಬಂದರು. ಮಹಡಿಯ ಕೋಣೆಯಲ್ಲಿ ಕೂರಿಸಿ, ಲಕೋಟೆಯ ವಿಷಯ, ನನ್ನ ಮಾತಿನ ವಿಷಯ ಎರಡನ್ನೂ ಹೇಳಿದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡರು. ಪೈಪಣ್ಣ ಎರಡೂ ಕೈಯಿಂದ ಮಂಡಿ ಮುಟ್ಟಿ ನೋಡಿಕೊಂಡರು.

"ಒಳಗೆ ಏನೂ ಮಾಡ್ಲಿಲ್ವಾ?"

"ಏನೂ ಇಲ್ಲಣ್ಣ."

"ಮತ್ತೆ ವಾಸಿ ಹೇಗಾಯ್ತು?"

"ಡಾಕ್ಟರಿಗೂ ಗೊತ್ತಿಲ್ಲ."

ಅವರು ಬೆರಗಾಗಿ ಒಮ್ಮೆ ನಕ್ಕರು. ನಗು ನಿಂತ ಮೇಲೆ ನನ್ನನ್ನೇ ನೋಡಿದರು.

"ಗಾಯಕ್ಕೆ ಸಹಿ ಹಾಕಿದ್ದೆ ಸಿಸ್ಟರ್. ಏನೂ ಮಾಡದೆ ಇರೋದಕ್ಕೂ ಹಾಕಿದ್ದೆ. ನೀವು ಹೇಳಿದ ಮಾತಿಗೆ ಹಾಕಿರಲಿಲ್ಲ."

"ತಪ್ಪಾಯ್ತಣ್ಣ" ಎಂದೆ.

ಲಿಫ್ಟ್ ಇದ್ದರೂ ಅವರು ಮೆಟ್ಟಿಲ ಕಡೆ ನಡೆದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತುಬಿಟ್ಟರು. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡರು. ತಿರುಗಿ ನನ್ನನ್ನು ನೋಡಿದರು. 'ಏನೂ ಆಗಲ್ಲ, ಇಳೀರಿ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ತುಟಿ ಕಚ್ಚಿ ಸುಮ್ಮನೆ ನಿಂತೆ.

ಪೈಪಣ್ಣ ತಲೆಯಾಡಿಸಿ ಮುಂದೆ ತಿರುಗಿದರು. ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು. ಮೂರನೆಯದಕ್ಕೆ ಕಂಬಿ ಬಿಟ್ಟರು.